ಲಾಂದ್ರ ಕಟ್ಟಿದ ರೇಡಿಯೋ ಕಂಬ

ಗಿನ್‌ಹೋಂಗ್ ರೇಡಿಯೋದಲ್ಲಿ ನಗುತ್ತಿದ್ದಳು, ಮನೆಗೆ ಬಂದರೆ ಬಾಯಿಗೆ ಬೀಗ. ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ಅವಳ ಒಲೆಯ ಮೇಲೆ ಬೆಳ್ಳುಳ್ಳಿ ಹುರಿದರೆ ನಾನು ಸೀನುತ್ತೇನೆ, ನಾನು ಗಂಡನಿಗೆ ಬೈದರೆ ಅವಳ ಅತ್ತೆ ಅಲ್ಲಿಂದಲೇ ಇನ್ನೆರಡು ಸೇರಿಸುತ್ತಾಳೆ. ಹೀಗಿರುವಾಗ ಯಾರ ಬಾಯಿಗೆ ಯಾವಾಗ ಬೀಗ ಬಿತ್ತು ಎನ್ನುವುದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ನಮ್ಮದು ಯುನ್‌ಲಿನ್ ಕರಾವಳಿಯ ಹಳ್ಳಿ. ಮುಂದೆ ಸಮುದ್ರ, ಹಿಂದೆ ಮೀನಿನ ಹೊಂಡಗಳು, ನಡುವೆ ನಾವು ಮತ್ತು ನಾವು ಬಿಡಿಸಿ ಗುಡ್ಡೆ ಹಾಕಿದ ಸಿಂಪಿಯ ಚಿಪ್ಪು. ಗಿನ್‌ಹೋಂಗಳ ಹಿತ್ತಲಲ್ಲಿ ಒಂದು ಹಳೆಯ ಹಂದಿಗೂಡು. ಹಂದಿ ಸಾಕುವುದನ್ನು ಬಿಟ್ಟ ಮೇಲೆ ಅದರ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಒಂದು ಮೇಜು, ಒಂದು ಮೈಕು, ಒಂದು ಪ್ರಸಾರ ಯಂತ್ರ ಇಟ್ಟುಕೊಂಡು ಅವಳು ಅಲ್ಲಿಂದ ರೇಡಿಯೋ ಸ್ಟೇಷನ್ ನಡೆಸುತ್ತಿದ್ದಳು. ಲೈಸೆನ್ಸ್ ಇರಲಿಲ್ಲ. ಅರ್ಜಿಯೇನೋ ಹಾಕಿದ್ದಳು, ಅದು ರಾಜಧಾನಿ ತೈಪೆಯ ಯಾವ ಬೀರುವಿನಲ್ಲಿ ಇಲಿಗೆ ಹಾಸಿಗೆಯಾಯಿತೋ ದೇವರೇ ಬಲ್ಲ. ಲೈಸೆನ್ಸ್ ಇದ್ದವರು ಶಾಲೆಯ ಮೇಷ್ಟ್ರ ಹಾಗೆ ಮ್ಯಾಂಡರಿನ್‌ನಲ್ಲಿ ಮಾತಾಡುತ್ತಿದ್ದರು. ನಮ್ಮ ಮುದುಕರಿಗೆ ಅದು ಅರ್ಧ ತಲೆಗೆ ಹೋಗುತ್ತಿತ್ತು, ಅರ್ಧ ತಲೆಯ ಮೇಲಿಂದ ಹೋಗುತ್ತಿತ್ತು. ಗಿನ್‌ಹೋಂಗ್ ನಮ್ಮ ಮನೆಮಾತಿನಲ್ಲಿ ಮಾತಾಡುತ್ತಿದ್ದಳು. ಅದಕ್ಕೇ ಮುದುಕರೆಲ್ಲ ಅವಳನ್ನು ಹೋಂಗ್ ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಮೂವತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ.

ಬೆಳಗಾದರೆ ಮೊದಲು ಗಾಳಿ, ಆಮೇಲೆ ಉಬ್ಬರ ಇಳಿತ, ಆಮೇಲೆ ಯಾರು ತೀರಿಕೊಂಡರು, ಯಾರ ಬಾತುಕೋಳಿ ಕಳೆದುಹೋಯಿತು, ಆಮೇಲೆ ಒಂದು ಹಳೆಯ ಹಾಡು, ಆಮೇಲೆ ಪಿತ್ತಕೋಶದ ಕಷಾಯ. ಆ ಕಷಾಯ ಮಾರಿಯೇ ಸ್ಟೇಷನ್ ನಡೆಯಬೇಕಲ್ಲ. ಅವಳ ಮಾತು ಕೇಳಿ ನಾನೂ ಕುಡಿದೆ. ಪಿತ್ತಕೋಶ ಇದ್ದ ಹಾಗೇ ಇದೆ, ನಾಲಿಗೆ ಮಾತ್ರ ಕೆಟ್ಟು ಕೆರ ಹಿಡಿಯಿತು.

ಹಾಡು ಮುಗಿದ ಮೇಲೆ ಫೋನು. ಕರೆ ಮಾಡಿದವರು ಮೊದಲು, "ಕೇಳಿಸ್ತಾ ಇದೆ ಹೋಂಗ್ ಅಕ್ಕ, ಚೆನ್ನಾಗಿ ಕೇಳಿಸ್ತಾ ಇದೆ," ಎನ್ನಬೇಕು. ಪ್ರಸಾರ ಎಲ್ಲಿಯವರೆಗೆ ಮುಟ್ಟುತ್ತಿದೆ ಎಂದು ಅವಳಿಗೆ ಗೊತ್ತಾಗಲಿ ಎಂದು ಮೊದಮೊದಲು ಶುರುವಾದದ್ದು, ಬರಬರುತ್ತಾ ಅದೇ ನಮಸ್ಕಾರದ ಹಾಗಾಯಿತು. ದಿನಾ ಕರೆ ಮಾಡುವವನೆಂದರೆ ಬಾನ್ ತಾತ, ಉಪ್ಪಿನ ಮಡಿಗಳ ಕಡೆಯ ಒಂಟಿ ಮುದುಕ.

"ಕೇಳಿಸ್ತಾ ಇದೆ ಹೋಂಗ್ ಅಕ್ಕ, ಚೆನ್ನಾಗಿ ಕೇಳಿಸ್ತಾ ಇದೆ. ಇವತ್ತೂ ಹೊಟ್ಟೆ ಖಾಲಿಯಾಗ್ಲಿಲ್ಲ ಕಣಕ್ಕ."

"ತಾತ, ನಿನ್ನ ಹೊಟ್ಟೆ ವಿಷ್ಯ ಇಡೀ ಜಿಲ್ಲೆಗೇ ಗೊತ್ತಾಯ್ತಲ್ಲ. ಗೆಣಸಿನ ಗಂಜಿ ಕುಡಿ ಅಂದಿದ್ನಲ್ಲ, ಕುಡಿದ್ಯಾ?"

"ಕುಡಿದೆ. ಅದೂ ಹೋಗಿ ಒಳಗೆ ಕೂತ್ಕೊಂಡಿದೆ, ಬಾಡಿಗೆ ಮನೆ ಮಾಡ್ಕೊಂಡು."

ಅವಳು ನಗುತ್ತಿದ್ದಳು. ಗಂಟೆ ಬಾರಿಸಿದಂಥ ನಗು. ಕೊನೆಯಲ್ಲಿ ಮಾತ್ರ ಪ್ರತಿದಿನ ಒಂದೇ ಮಾತು, ಒಂದಕ್ಷರ ಆಚೀಚೆ ಇಲ್ಲ: "ಸಮುದ್ರದ ಮೇಲಿರೋರೇ, ದೋಣಿ ತಿರುಗಿಸ್ಕೊಳ್ಳಿ. ಅನ್ನ ಆಗಿದೆ, ಮನೆಗೆ ಬನ್ನಿ."

ಆ ಮಾತು ಶುರುವಾದದ್ದು ಅವಳ ಗಂಡ ಖುನ್‌ಸಾನನಿಗಾಗಿ. ಅವನದು ಸಿಂಪಿ ಬೆಳೆಸುವ ತೆಪ್ಪ. ತೆಪ್ಪದ ಬಿದಿರಿಗೆ ಒಂದು ಪುಟ್ಟ ರೇಡಿಯೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೇತುಹಾಕಿಕೊಂಡು, ಹೆಂಡತಿಯ ದನಿ ಕೇಳುತ್ತಾ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಇಬ್ಬರೂ ಮಾತಾಡಿದ್ದು ಕಡಿಮೆ. "ಇಬ್ರೂ ಎದುರುಬದುರು ಕೂತು ಮಾತಾಡೋಕೂ ಲೈಸೆನ್ಸ್ ಬೇಕೇನ್ರೋ?" ಎಂದು ನಾನೇ ರೇಗಿಸುತ್ತಿದ್ದೆ. ಅವನು ಹಲ್ಲು ಬಿಟ್ಟು ಸುಮ್ಮನಾಗುತ್ತಿದ್ದ. ಒಳ್ಳೆಯವನು, ಹಾಳಾದವನು.

ಚಳಿಗಾಲದ ಒಂದು ಬೆಳಿಗ್ಗೆ ಹೋದವನು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತ್ತು. ತೆಪ್ಪ ಮರುದಿನ ದಕ್ಷಿಣದ ಮರಳದಿಣ್ಣೆಯ ಹತ್ತಿರ ಸಿಕ್ಕಿತು. ಅವನು ಸಿಗಲಿಲ್ಲ, ರೇಡಿಯೋವೂ ಸಿಗಲಿಲ್ಲ. ಕರಾವಳಿ ಕಾವಲಿನವರು ಹುಡುಕಿದರು, ಊರಿನ ದೋಣಿಗಳೆಲ್ಲ ಹುಡುಕಿದವು. ಗಿನ್‌ಹೋಂಗ್ ಅಳಲಿಲ್ಲ. ಹುಡುಕುವುದನ್ನು ನಿಲ್ಲಿಸಿದ ಮರುದಿನ ಬೆಳಿಗ್ಗೆ ಹಂದಿಗೂಡಿನೊಳಗೆ ಹೋಗಿ ಕುಳಿತು ಗಾಳಿ, ಉಬ್ಬರ, ಇಳಿತ ಎಲ್ಲ ಓದಿದಳು. ಬಾನ್ ತಾತನ ಹೊಟ್ಟೆಗೆ ನಕ್ಕಳು ಕೂಡ. ಕೊನೆಯಲ್ಲಿ, ಅನ್ನ ಆಗಿದೆ, ಮನೆಗೆ ಬನ್ನಿ ಎಂದಳು.

ಊರಿನ ಬಾಯಿಗೆ ಅಡ್ಡಿ ಉಂಟೇ? ಕಲ್ಲು, ಬಂಡೆ, ಕಷಾಯ ಮಾರುವ ಆಸೆ ಎಂದೆಲ್ಲ ಅಂದರು. ಚಪ್ಪರದಲ್ಲಿ ಸಿಂಪಿ ಬಿಡಿಸುತ್ತಾ ಕುಳಿತಾಗ ನಾನೂ ಹೂಂಗುಟ್ಟಿದೆ. ಆದರೆ ಒಂದು ದಿನ ತಡೆಯಲಾರದೆ ಗೋಡೆಯ ಮೇಲಿಂದ ಕೇಳಿಯೇಬಿಟ್ಟೆ.

"ಅಲ್ವೇ, ಹೋದೋನು ಹೋದ. ಯಾರಿಗೆ ಹೇಳ್ತೀಯಾ ದಿನಾ ಅನ್ನ ಆಗಿದೆ ಅಂತ?"

ಅವಳು ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ. "ಅವ್ರ ರೇಡಿಯೋ ಸಿಕ್ಕಿಲ್ಲ ಸೂನಕ್ಕ."

"ಸಿಗ್ದಿದ್ರೇನು? ಇಷ್ಟು ದಿನ ಬ್ಯಾಟರಿ ಇರತ್ತಾ?"

"ಅವ್ರು ಯಾವಾಗ್ಲೂ ಇನ್ನೊಂದು ಜೊತೆ ಇಟ್ಕೋತಾರೆ," ಎಂದಳು.

ಇಟ್ಕೋತಾರೆ ಎಂದಳು, ಇಟ್ಕೋತಿದ್ರು ಎನ್ನಲಿಲ್ಲ. ಆಮೇಲೆ ನಾನು ಕೇಳಲಿಲ್ಲ. ಸ್ಟೇಷನ್ ನಡೆಯುವವರೆಗೆ ಅವಳಿಗೆ ಗಂಡ ಇದ್ದಾನೆ. ಸ್ಟೇಷನ್ ನಿಂತ ದಿನ ಅವನು ಸಾಯುತ್ತಾನೆ. ನನಗೆ ತಿಳಿದದ್ದು ಅಷ್ಟೇ, ಅಷ್ಟು ಸಾಕಾಗಿತ್ತು.

ಇಷ್ಟೇ ಆಗಿದ್ದರೆ ಅವಳ ಪಾಡಿಗೆ ಅವಳು ಇರುತ್ತಿದ್ದಳು. ಆದರೆ ಆ ಮನೆಯಲ್ಲಿ ಇನ್ನೊಂದು ಜೀವ ಇತ್ತಲ್ಲ, ಅವಳ ಅತ್ತೆ ತೋ ಅಜ್ಜಿ. ಖುನ್‌ಸಾನ್ ಅವಳ ಹೊಟ್ಟೆಯ ಮಗ. ಮುದುಕಿಗೆ ಸೊಸೆಯ ಭ್ರಮೆ ಇರಲಿಲ್ಲ. ಮಗ ಸತ್ತ, ನೀರಿನಲ್ಲಿ ಸಿಕ್ಕಿಕೊಂಡಿದ್ದಾನೆ, ಚಳಿಯಲ್ಲಿ ನಡುಗುತ್ತಿದ್ದಾನೆ, ಅವನನ್ನು ಎತ್ತಬೇಕು. ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ನೀರಿಗೆ ಬಿದ್ದವರನ್ನು ಎತ್ತುವುದು ನಮ್ಮ ಪಂಚಾಂಗದ ಆರನೆಯ ತಿಂಗಳ ಏಳು ಮತ್ತು ಎಂಟರಂದು. ಮುತ್ತಜ್ಜಂದಿರ ಕಾಲದಲ್ಲಿ ಒಂದು ದೊಡ್ಡ ಅಲೆ ಬಂದು ಊರೂರೇ ಕೊಚ್ಚಿಹೋಯಿತಂತೆ, ಅಂದಿನಿಂದ ನಡೆದುಬಂದದ್ದು. ಗುಡಿಯ ಮುಂದಿನ ಬಯಲಿನಲ್ಲಿ ನೀರುಗೂಡುಗಳನ್ನು ಸಾಲುಸಾಲಾಗಿ ನಿಲ್ಲಿಸುತ್ತಾರೆ. ಆಳೆತ್ತರದ ಬಿದಿರಿನ ಗೂಡು, ಸುತ್ತ ಬಣ್ಣದ ಕಾಗದ. ಸತ್ತವರ ಮನೆಯವರು ಗೂಡನ್ನು ಕೈಯಿಂದ ತಿರುಗಿಸುತ್ತಾ, ಹೆಸರು ಹಿಡಿದು ಕೂಗಿ ಕರೆಯಬೇಕು. ಆಗ ನೀರಿನಲ್ಲಿದ್ದ ಜೀವ ಗೂಡಿನ ಮೆಟ್ಟಿಲು ಹಿಡಿದು ಮೇಲೆ ಬರುತ್ತದೆ. ಬಂದಾಗ ಗೂಡು ಭಾರವಾಗುತ್ತದೆ ಎನ್ನುತ್ತಾರೆ.

ಆದರೆ ಹಿರಿಯರು ಕಿರಿಯರಿಗಾಗಿ ಗೂಡು ತಿರುಗಿಸುವಂತಿಲ್ಲ. ತಾಯಿ ಮಗನನ್ನು ಎತ್ತಿದರೆ ಆ ಪಾಪ ಮಗನ ತಲೆಗೇ ಸುತ್ತಿಕೊಳ್ಳುತ್ತದೆ. ಹೆಂಡತಿ ತಿರುಗಿಸಬೇಕು, ಇಲ್ಲ ಮಕ್ಕಳು. ಮಕ್ಕಳಿರಲಿಲ್ಲ. ಪ್ರತಿವರ್ಷ ಆರನೆಯ ತಿಂಗಳು ಹತ್ತಿರ ಬಂದಾಗ ಗೋಡೆಯಾಚೆ ಮುದುಕಿಯ ದನಿ ಕೇಳುತ್ತಿತ್ತು.

"ಈ ಸಲ ಒಂದು ಗೂಡು ಹೇಳಿ ಬರ್ಲೇನಮ್ಮಾ?"

ಪಾತ್ರೆ ತೊಳೆಯುವ ಸದ್ದು.

"ನಾನು ಸತ್ರೆ ಅವನನ್ನ ಯಾರು ಎತ್ತುತಾರೆ? ಹೇಳು. ನಾನೇನು ನೂರು ವರ್ಷ ಇರ್ತೀನಾ?"

ಪಾತ್ರೆ ತೊಳೆಯುವ ಸದ್ದು ಜೋರಾಗುತ್ತಿತ್ತು. ಅಷ್ಟರಲ್ಲಿ ಆ ವರ್ಷವೂ ಕಳೆಯುತ್ತಿತ್ತು. ಹೀಗೇ ಎರಡು ವರ್ಷ ಹೋಗಿ ಮೂರನೆಯದು ಬಂತು.

ಆ ಮೂರನೆಯ ವರ್ಷವೇ ಸರಕಾರದವರ ಕಾಟ ಹೆಚ್ಚಾದದ್ದು. ಲೈಸೆನ್ಸ್ ಇಲ್ಲದ ಸ್ಟೇಷನ್ನುಗಳನ್ನೆಲ್ಲ ಮುಚ್ಚಿಸಬೇಕು ಎಂದು ಮೇಲಿನಿಂದ ಅಪ್ಪಣೆಯಾಗಿತ್ತಂತೆ. ವಿಮಾನದವರ ಮಾತಿಗೆ ಅಡ್ಡ ಬರುತ್ತದೆ ಎಂಬುದು ಅವರ ದೂರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಬಾನ್ ತಾತನ ಹೊಟ್ಟೆಯ ಸಮಾಚಾರ ಕೇಳಿ ಯಾವ ಪೈಲಟ್ ಎಲ್ಲಿ ದಾರಿ ತಪ್ಪಿದನೋ. ಪಕ್ಕದ ಊರಿನ ಸ್ಟೇಷನ್ ಮುಚ್ಚಿಸಲು ಬಂದಾಗ ಕೇಳುಗರೆಲ್ಲ ಟ್ರ್ಯಾಕ್ಟರ್ ತಂದು ರಸ್ತೆಗೆ ಅಡ್ಡ ನಿಲ್ಲಿಸಿ ದೊಡ್ಡ ರಾದ್ಧಾಂತವಾಗಿತ್ತು. ಆಮೇಲಿಂದ ಅವರು ಹೇಳದೆ ಕೇಳದೆ ಬರತೊಡಗಿದರು. ನೆತ್ತಿಯ ಮೇಲೆ ಉಂಗುರದಂಥದ್ದು ಇರುವ ಬಿಳಿಯ ವ್ಯಾನು. ಪ್ರಸಾರ ನಡೆಯುತ್ತಿದ್ದರೆ ಎಲ್ಲಿಂದ ಬರುತ್ತಿದೆ ಎಂದು ಅದು ಮೂಸಿ ಹಿಡಿಯುತ್ತದೆ.

ನಮ್ಮವರೇನು ಕಮ್ಮಿಯೇ? ಹೆದ್ದಾರಿಯ ಅಡಿಕೆ ಅಂಗಡಿಯವಳು ವ್ಯಾನು ಕಂಡ ಕೂಡಲೇ ಗಿನ್‌ಹೋಂಗಳಿಗೆ ಫೋನು ಮಾಡುತ್ತಿದ್ದಳು. "ಅಕ್ಕ, ನಿಮ್ಮ ಬೀಗ್ರು ಬಂದ್ರು," ಎನ್ನುತ್ತಿದ್ದಳು, ಅಷ್ಟೇ. ಇವಳು ಯಂತ್ರ ಆರಿಸಿ ನಮ್ಮ ಚಪ್ಪರಕ್ಕೆ ಬಂದು ಸಿಂಪಿ ಬಿಡಿಸುತ್ತಾ ಕೂರುತ್ತಿದ್ದಳು. ಪ್ರಸಾರ ಇಲ್ಲದಿದ್ದರೆ ವ್ಯಾನಿನ ಮೂಗು ಕಟ್ಟಿದ ಹಾಗೆ. ಇನ್ನು ಉಳಿದದ್ದು ಕಂಬ. ಅದನ್ನು ಖುನ್‌ಸಾನನೇ ಹಿತ್ತಲಿನ ಸರ್ವೆ ತೋಪಿನ ನಡುವೆ ನಿಲ್ಲಿಸಿ, ಹಸಿರು ಬಣ್ಣ ಬಳಿದು, ತಂತಿ ಏರಿಸಿ ಇಳಿಸಲು ರಾಟೆ ಹಗ್ಗ ಕಟ್ಟಿದ್ದ. ಮರಗಳಿಗಿಂತ ಎತ್ತರ, ಆದರೆ ಮರವೋ ಕಂಬವೋ ಎಂದು ತಿಳಿಯುತ್ತಿರಲಿಲ್ಲ. ವ್ಯಾನಿನವರು ಅದರ ಪಕ್ಕದ ರಸ್ತೆಯಲ್ಲೇ ಎಷ್ಟೋ ಸಲ ಹೋಗಿ ಬಂದಿದ್ದರು, ಪಾಪ.

ಆರನೆಯ ತಿಂಗಳ ಐದರ ಸಂಜೆ. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗುಡಿಯ ಕಡೆಯಿಂದ ಗುಡಿಯ ಯಜಮಾನ ದಾಪುಗಾಲು ಹಾಕಿಕೊಂಡು ಬಂದ, ಮುಖ ಕೆಂಡ.

"ಯಾರ ಕೆಲಸ ಇದು? ಯಾರನ್ನ ಕೇಳಿ ಕಟ್ಟಿದ್ರಿ?" ಎಂದು ಗಿನ್‌ಹೋಂಗಳ ಅಂಗಳದಲ್ಲೇ ಕೂಗಾಡಿದ.

ನಾನು ತಿರುಗಿ ನೋಡಿದೆ. ಸರ್ವೆ ತೋಪಿನ ಮೇಲೆ, ರೇಡಿಯೋ ಕಂಬದ ತುದಿಯಲ್ಲಿ, ಕಾಗದದ ಲಾಂದ್ರ ಉರಿಯುತ್ತಿತ್ತು. ಕೆಂಪಗೆ, ದುಂಡಗೆ, ಹರದಾರಿ ದೂರದ ಕುರುಡನಿಗೂ ಕಾಣುವ ಹಾಗೆ.

ನೀರಿನ ಜೀವಗಳಿಗೆ ದಾರಿ ಕಾಣಲಿ ಎಂದು ಗುಡಿಯವರು ಪ್ರತಿವರ್ಷ ಬಿದಿರಿನ ಕಂಬ ನೆಟ್ಟು ಲಾಂದ್ರ ಏರಿಸುತ್ತಾರೆ. ಕಂಬ ಎಷ್ಟು ಎತ್ತರವೋ ಅಷ್ಟು ದೂರದಿಂದ ಜೀವಗಳು ಬರುತ್ತವೆ. ಬಂದವರಿಗೆಲ್ಲ ಎಡೆ ಇಡಬೇಕು, ಎಡೆ ಸಾಲದೆ ಹೋದರೆ ಊರಿಗೇ ಕೇಡು. ಆದ್ದರಿಂದ ಊರಿನ ಅಡುಗೆ ಎಷ್ಟೋ ಕಂಬವೂ ಅಷ್ಟೇ ಎಂದು ಅಳೆದು ನೆಡುವುದು. ಈಗ ನೋಡಿದರೆ ತೋ ಅಜ್ಜಿ ಎಂಬ ಮುದುಕಿ, ಊರಿನಲ್ಲೇ ಎತ್ತರದ ಕಂಬ ಹುಡುಕಿ, ಮಗ ಕಟ್ಟಿದ ರಾಟೆ ಹಗ್ಗದಲ್ಲೇ ಮಗನಿಗೆ ಲಾಂದ್ರ ಏರಿಸಿಬಿಟ್ಟಿದ್ದಳು. ಅದು ಕದ್ದು ನಡೆಸುವ ಸ್ಟೇಷನ್ನಿನ ಕಂಬ ಎಂಬುದು ಅವಳಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಗೂಡು ತಿರುಗಿಸುವ ಹಾಗಿಲ್ಲ ನಿಜ, ಆದರೆ ಲಾಂದ್ರ ಏರಿಸಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ!

"ನಮ್ಮ ಕಂಬದ ಎರಡರಷ್ಟಿದೆ!" ಯಜಮಾನ ಕೈ ಕೈ ಹಿಸುಕಿಕೊಂಡ. "ಆಚೆ ದ್ವೀಪದ ದೆವ್ವಗಳೆಲ್ಲ ದೋಣಿ ಕಟ್ಕೊಂಡು ಬರ್ತವೆ. ಯಾರಜ್ಜಿ ಅಡುಗೆ ಮಾಡೋರು?"

"ನಾನು ಮಾಡ್ತೀನಿ," ಎಂದಳು ತೋ ಅಜ್ಜಿ, ಕುಳಿತಲ್ಲಿಂದ ಏಳದೆ.

"ನೀನು? ಒಂದು ಮಡಕೆ ಎತ್ತೋಕಾಗಲ್ಲ ನಿನ್ನ ಕೈಲಿ!"

"ನನ್ನ ಮಗ ದೂರ ಹೋಗಿದ್ದಾನೆ. ನಿಮ್ಮ ಗಿಡ್ಡ ಕಂಬ ಅವನಿಗೆ ಕಾಣಲ್ಲ. ಹೋಗಯ್ಯ."

ಗಲಾಟೆಗೆ ಗಿನ್‌ಹೋಂಗ್ ಹೊರಗೆ ಬಂದಳು. ತಲೆ ಎತ್ತಿ ಲಾಂದ್ರ ನೋಡಿದಳು. ನಾನು ಗೋಡೆಯ ಹತ್ತಿರ ಹೋಗಿ ಪಿಸುಗುಟ್ಟಿದೆ, "ಇಳಿಸೇ ಮಾರಾಯ್ತಿ! ವ್ಯಾನಿನೋರು ಪೇಟೆಯ ಹೋಟ್ಲಲ್ಲೇ ಇಳ್ಕೊಂಡಿದ್ದಾರಂತೆ. ಗುಡಿ ಇಲ್ಲದ ಕಡೆ ಲಾಂದ್ರ ಯಾಕೆ ಅಂತ ನೋಡ್ದೆ ಇರ್ತಾರಾ?"

ಏರಿಸಿದ ಲಾಂದ್ರವನ್ನು ಎಂಟರ ಪೂಜೆ ಮುಗಿಯುವ ಮುಂಚೆ ಇಳಿಸುವಂತಿಲ್ಲ. ಇಳಿಸಿದರೆ ಅದನ್ನು ನಂಬಿ ಹೊರಟ ಜೀವ ನಡುದಾರಿಯಲ್ಲಿ ಉಳಿಯುತ್ತದೆ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ನಡುದಾರಿಯ ಮಾತು ಸತ್ತವರಿಗೆ ತಾನೇ? ಅವಳ ಲೆಕ್ಕದಲ್ಲಿ ಗಂಡ ಸತ್ತಿಲ್ಲ. ಅವಳು ಹಗ್ಗಕ್ಕೆ ಕೈ ಹಾಕಬಹುದಾಗಿತ್ತು. ಮುದುಕಿ ಅವಳನ್ನೇ ನೋಡುತ್ತಿದ್ದಳು.

ಗಿನ್‌ಹೋಂಗ್ ಹಗ್ಗವನ್ನು ಮುಟ್ಟಿದಳು. ಆಮೇಲೆ, "ಇರ್ಲಿ," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವರು ಹೆದ್ದಾರಿಯಿಂದ ಬರಲಿಲ್ಲ. ಮೀನಿನ ಹೊಂಡಗಳ ನಡುವಿನ ಮಣ್ಣುದಾರಿಯಿಂದ ಬಂದರು. ಅಡಿಕೆ ಅಂಗಡಿಯವಳಿಗೆ ಸುಳಿವೇ ಸಿಗಲಿಲ್ಲ. ನಾವು ಚಪ್ಪರದಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿದ್ದೆವು. ಬಾನ್ ತಾತ ಮಾತಾಡುತ್ತಿದ್ದ. "ಕೇಳಿಸ್ತಾ ಇದೆ ಹೋಂಗ್ ಅಕ್ಕ, ಚೆನ್ನಾಗಿ ಕೇಳಿಸ್ತಾ ಇದೆ. ನಿನ್ನೆ ನಿಮ್ಮ ಕಡೆ ಲಾಂದ್ರ..." ಅಷ್ಟೇ. ಆಮೇಲೆ ಬರೀ ಬುಸ್ಸೆನ್ನುವ ಸದ್ದು. ನಾನು ಚಾಕು ಎಸೆದು ಓಡಿದೆ.

ಹಂದಿಗೂಡಿನ ಮುಂದೆ ವ್ಯಾನು, ಒಂದು ಸಣ್ಣ ಲಾರಿ, ನಮ್ಮ ಠಾಣೆಯ ಪೊಲೀಸಪ್ಪ. ಅಧಿಕಾರಿಯ ಹೆಸರು ಚ್ಯೂ. ಚಿಕ್ಕ ವಯಸ್ಸು, ಚೊಕ್ಕ ಅಂಗಿ, ನಿದ್ದೆಗೆಟ್ಟ ಕಣ್ಣು. ಕೆಟ್ಟವನಂತೇನೂ ಕಾಣಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಅವನು ಮ್ಯಾಂಡರಿನ್‌ನಲ್ಲಿ ಕಾನೂನು ಓದಿದ. ಗಿನ್‌ಹೋಂಗ್ ಸಹಿ ಹಾಕು ಎಂದಲ್ಲಿ ಹಾಕಿದಳು. ಯಂತ್ರವನ್ನು ಇಬ್ಬರು ಹಂದಿಮರಿ ಹೊತ್ತ ಹಾಗೆ ತಬ್ಬಿಕೊಂಡು ಹೊರಗೆ ತಂದರು. ಮೈಕು, ತಂತಿ, ಹಾಡಿನ ಕ್ಯಾಸೆಟ್ಟುಗಳು, ಕಷಾಯದ ಬಾಟಲಿಗಳು ಒಂದೊಂದಾಗಿ ಲಾರಿ ಸೇರಿದವು. ಅವಳು ಬಾಗಿಲ ಪಕ್ಕ ಕೈಕಟ್ಟಿ ನಿಂತು, ಬೇರೆ ಯಾರದೋ ಮನೆ ಖಾಲಿ ಮಾಡುವುದನ್ನು ನೋಡುವವಳ ಹಾಗೆ ನೋಡುತ್ತಿದ್ದಳು.

"ಅಳೇ, ಇಲ್ಲ ಬೈಯೇ!" ಎಂದು ನಾನು ಅವಳ ತೋಳು ಅಲುಗಿಸಿದೆ. "ಊರೋರನ್ನ ಕರೀಲೇನೇ? ಟ್ರ್ಯಾಕ್ಟರ್ ತರ್ತಾರೆ."

"ಬೇಡ ಸೂನಕ್ಕ," ಎಂದಳು. "ಅವ್ರಿಗೂ ಕೆಲ್ಸ ಇರತ್ತೆ."

ಯಾರಿಗೆ ಕೆಲಸ, ಟ್ರ್ಯಾಕ್ಟರಿನವರಿಗೋ ಸರಕಾರದವರಿಗೋ, ನನಗೆ ಇವತ್ತಿಗೂ ತಿಳಿಯಲಿಲ್ಲ.

ಆಮೇಲೆ ಚ್ಯೂ ಕಂಬದತ್ತ ತಿರುಗಿದ. ಕಂಬವೂ ಕಾನೂನು ಮೀರಿದ್ದೇ, ಅದನ್ನೂ ಕಿತ್ತುಕೊಂಡು ಹೋಗಬೇಕು ಎಂದ. ಕಂಬ ಕೀಳಲು ಕರೆತಂದಿದ್ದ ಆಳು ನಮ್ಮ ಕರಾವಳಿಯವನೇ. ಅವನು ತಲೆ ಎತ್ತಿ ನೋಡಿ, ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಹಾಕಿದ.

"ಉರೀತಿರೋ ಲಾಂದ್ರ ನಾನು ಇಳಿಸಲ್ಲ ಸಾರ್. ನಮ್ಮನೇಲೂ ನೀರಿಗೆ ಹೋದೋರು ಇದ್ದಾರೆ. ಬೇಕಾದ್ರೆ ನೀವೇ ಹತ್ತಿ."

"ಅದು ಬರೀ ಕಾಗದ ಅಲ್ವೇನ್ರೀ?" ಎಂದ ಚ್ಯೂ.

ತೋ ಅಜ್ಜಿ ಅಲ್ಲಿಯತನಕ ಜಗಲಿಯ ಮೇಲೆ ಕುಳಿತಿದ್ದವಳು ಎದ್ದು ಬಂದು ಕಂಬವನ್ನು ತಬ್ಬಿಕೊಂಡಳು. ಒಣಗಿದ ಕಡ್ಡಿಯಂಥ ಮುದುಕಿ. ಅವಳನ್ನು ಬಿಡಿಸಲು ಒಬ್ಬ ಸಾಕು. ಚ್ಯೂ ಪೊಲೀಸಪ್ಪನ ಮುಖ ನೋಡಿದ. ಪೊಲೀಸಪ್ಪ ತನ್ನ ಬೂಟು ನೋಡಿಕೊಂಡ. "ಅಜ್ಜಿಯನ್ನ ಈ ಕಡೆ ಕರ್ಕೊಳ್ಳಿ," ಎಂದು ಚ್ಯೂ ಸೊಸೆಗೆ ಹೇಳಿದ.

ಗಿನ್‌ಹೋಂಗ್ ಹೋದಳು. ಅತ್ತೆಯ ಕೈ ಬಿಡಿಸುತ್ತಾಳೆ ಎಂದೇ ಎಲ್ಲರೂ ಅಂದುಕೊಂಡೆವು. ಅವಳು ಅತ್ತೆಯ ಪಕ್ಕದಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಯಂತ್ರ ತಗೊಂಡು ಹೋಗಿ," ಎಂದಳು. ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. "ನಂಗೆ ಯಂತ್ರ ಬೇಡ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಕಂಬ ಮಾತ್ರ ಎಂಟರ ತನಕ ಬಿಡಿ. ಈಗ ಲಾಂದ್ರ ಇಳಿಸಬಾರ್ದು."

"ಯಾಕೆ?"

"ಅವ್ರು ದಾರೀಲಿದ್ದಾರೆ. ನಮ್ಮೆಜಮಾನ್ರು. ನೀರಲ್ಲಿ ಸತ್ತು ಮೂರು ವರ್ಷ ಆಯ್ತು."

ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ತೋ ಅಜ್ಜಿಯ ಕೈ ಕಂಬದಿಂದ ತಾನಾಗಿ ಜಾರಿತು. ಮುದುಕಿ ಅಲ್ಲೇ ಸರ್ವೆ ಮರದ ಬೇರಿನ ಮೇಲೆ ಕುಸಿದು ಕುಳಿತಳು. ಅವಳಿಗೆ ಬೇಕಾಗಿದ್ದದ್ದು ಇದೇ ಮಾತು, ಮೂರು ವರ್ಷ ಕಾದದ್ದೂ ಇದಕ್ಕೇ. ಸಿಕ್ಕ ಮೇಲೆ ಅವಳ ಮುಖ ನೋಡಲಾಗಲಿಲ್ಲ. ನನಗೆ ಅಳು ಬಂತು. ನಾನೇನು ಕಲ್ಲೇ?

ಗಿನ್‌ಹೋಂಗ್ ಹೇಳಿದ್ದು ನಮ್ಮ ಮಾತಿನಲ್ಲಿ. ಚ್ಯೂಗೆ ಅದು ಪೂರ್ತಿ ತಿಳಿಯಲಿಲ್ಲ. ಏನಂತೆ ಎಂದು ಪೊಲೀಸಪ್ಪನನ್ನು ಕೇಳಿದ. ಪೊಲೀಸಪ್ಪ ಗಂಟಲು ಸರಿಮಾಡಿಕೊಂಡು, "ಹಬ್ಬ ಇದೆ ಸಾರ್. ಎರಡು ದಿನ ಬಿಟ್ಟು ಬಂದ್ರೆ ಒಳ್ಳೇದು ಅಂತಾರೆ," ಎಂದ.

ಚ್ಯೂ ಬಹಳ ಹೊತ್ತು ಲಾಂದ್ರ ನೋಡಿದ. ಹಗಲಿನಲ್ಲೂ ಅದು ಒಳಗೊಳಗೇ ಉರಿಯುತ್ತಿತ್ತು. ಕೊನೆಗೆ ಯಂತ್ರದಿಂದ ಕಂಬಕ್ಕೆ ಬರುವ ತಂತಿಯನ್ನು ಕತ್ತರಿಸಿ, ಮೊಹರು ಒತ್ತಿದ ಉದ್ದನೆಯ ಕಾಗದವೊಂದನ್ನು ಕಂಬಕ್ಕೆ ಅಂಟಿಸಿದ. ಎಂಟು ಕಳೆದ ಮೇಲೆ ಬರುತ್ತೇವೆ, ಅಲ್ಲಿಯತನಕ ಯಾರೂ ಮುಟ್ಟಬಾರದು ಎಂದ. ಆ ಕಾಗದ ನೋಡಲು ಗುಡಿಯ ಪೂಜಾರಿ ಬಾಗಿಲಿಗೆ ಅಂಟಿಸುವ ಮಂತ್ರದ ಚೀಟಿಯ ಹಾಗೇ ಇತ್ತು. ಅವರು ಹೋದ ಮೇಲೆ ತೋ ಅಜ್ಜಿ ಅದಕ್ಕೂ ಒಂದು ಊದುಬತ್ತಿ ಹಚ್ಚಿ ಕೈಮುಗಿದಳು. ಯಾರೂ ನಗಲಿಲ್ಲ.

ಗುಡಿಯ ಯಜಮಾನ ಅದೇ ಮಧ್ಯಾಹ್ನ ಬಂದ. ಬೈಯಲು ಬಂದನೇನೋ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವನು ಇನ್ನೊಂದು ನೀರುಗೂಡು ಉಳಿದಿದೆ ಎಂದು ಹೇಳಲು ಬಂದಿದ್ದ. ಜೊತೆಗೆ, ಎತ್ತರದ ಕಂಬದ ಲೆಕ್ಕಕ್ಕೆ ಊರಿನ ಪ್ರತಿ ಮನೆಯೂ ಈ ಸಲ ಒಂದೊಂದು ಪಾತ್ರೆ ಹೆಚ್ಚು ಮಾಡಬೇಕು ಎಂದು ಸಾರಿಸಿದ್ದಾನಂತೆ. ನಾನು ಎರಡು ಮಾಡಿದೆ. ಬಂದ ದೆವ್ವಗಳು ಯಾವುದನ್ನೂ ಉಪ್ಪಿಲ್ಲ, ಖಾರವಿಲ್ಲ ಎನ್ನಲಿಲ್ಲ.

ಏಳರ ಸಂಜೆ ಗುಡಿಯ ಬಯಲು ಕಿಕ್ಕಿರಿದಿತ್ತು. ಸಾಲುಸಾಲು ಗೂಡು, ಊದುಬತ್ತಿಯ ಹೊಗೆ, ಎಲ್ಲ ಕಡೆಯಿಂದ ಹೆಸರು ಹಿಡಿದು ಕರೆಯುವ ದನಿ. ಅಪ್ಪಾ ಬಾ, ಅಣ್ಣಾ ಬಾ, ಹತ್ತು, ಮೇಲೆ ಬಾ. ಖುನ್‌ಸಾನನ ಹೆಸರು ಬರೆದ ಗೂಡು ಕೊನೆಯ ಸಾಲಿನಲ್ಲಿತ್ತು. ಗಿನ್‌ಹೋಂಗ್ ಅದರ ಮೇಲೆ ಕೈಯಿಟ್ಟು ತಿರುಗಿಸತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ಇಡೀ ಜಿಲ್ಲೆಗೆ ಮಾತಾಡಿ ಅನ್ನ ತಿಂದವಳು, ಗಂಡನ ಹೆಸರು ಕೂಗಲಾಗದೆ ಗೂಡನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಕರೆಯದೆ ತಿರುಗಿಸಿದರೆ ಏನೂ ಆಗುವುದಿಲ್ಲ. ಸುತ್ತಲಿನವರು ನೋಡತೊಡಗಿದರು.

ತೋ ಅಜ್ಜಿ ಗೂಡನ್ನು ಮುಟ್ಟುವಂತಿಲ್ಲ. ಆಚೆ ನಿಂತು, ಅಂಗಿಯ ತುದಿಯಲ್ಲಿ ಮೂಗು ಒರೆಸಿಕೊಂಡು ಹೇಳಿದಳು, "ದಿನಾ ಹೇಳ್ತಿದ್ಯಲ್ಲಮ್ಮಾ, ಅದನ್ನೇ ಹೇಳು. ನಿನ್ನೆ ಹೇಳೋಕೆ ಬಿಡ್ಲಿಲ್ಲ ಅವ್ರು."

ಗಿನ್‌ಹೋಂಗ್ ಉಸಿರು ಎಳೆದುಕೊಂಡಳು. ಆಮೇಲೆ ಬಂದದ್ದು ರೇಡಿಯೋದ ದನಿ, ಅದೇ, ಒಂದಕ್ಷರ ಆಚೀಚೆ ಇಲ್ಲದೆ.

"ಸಮುದ್ರದ ಮೇಲಿರೋರೇ, ದೋಣಿ ತಿರುಗಿಸ್ಕೊಳ್ಳಿ. ಅನ್ನ ಆಗಿದೆ, ಮನೆಗೆ ಬನ್ನಿ."

ಅಕ್ಕಪಕ್ಕದ ಗೂಡುಗಳು ನಿಂತವು. ಆ ದನಿಯನ್ನು ವರ್ಷಗಟ್ಟಲೆ ಕೇಳಿದವರೇ ಅಲ್ಲಿದ್ದವರೆಲ್ಲ. ಮುಖ ನೋಡದವರೂ ಇದ್ದರು. ಅವರೆಲ್ಲ ಒಟ್ಟಿಗೆ ಈ ಕಡೆ ತಿರುಗಿದರು. ಹಿಂದಿನಿಂದ ಒಬ್ಬ ಬಾಗಿದ ಬೆನ್ನಿನ ಮುದುಕ, ಕೋಲೂರಿಕೊಂಡು, ಗಟ್ಟಿಯಾಗಿ ಹೇಳಿದ, "ಕೇಳಿಸ್ತು ಹೋಂಗ್ ಅಕ್ಕ. ಚೆನ್ನಾಗಿ ಕೇಳಿಸ್ತು."

ಅವನೇ ಬಾನ್ ತಾತ. ಅವಳು ಅವನನ್ನು ನೋಡಿದ್ದು ಅದೇ ಮೊದಲು. ತಲೆಯಾಡಿಸಿದಳು, ಗೂಡು ತಿರುಗಿಸುವುದನ್ನು ಬಿಡಲಿಲ್ಲ. ಗೂಡು ಭಾರವಾಯಿತೇ ಇಲ್ಲವೇ ಎಂದು ನಾನು ಕೇಳಲಿಲ್ಲ. ಅವಳ ತೋಳಿನ ನರ ಉಬ್ಬಿದ್ದು ಮಾತ್ರ ಕಂಡೆ.

ಎಂಟರಂದು ಗೂಡುಗಳನ್ನೆಲ್ಲ ಬೀಳಿಸಿ ಸುಟ್ಟರು. ಲಾಂದ್ರವನ್ನು ಗಿನ್‌ಹೋಂಗಳೇ ಇಳಿಸಿದಳು. ಮರುದಿನ ಚ್ಯೂ ಬಂದು ಕಂಬ ಕಿತ್ತುಕೊಂಡು ಹೋದ. ಆಮೇಲೆ ಕೋರ್ಟು, ದಂಡ, ಎಲ್ಲ ಆಯಿತು. ಈಗ ಅವಳು ನಮ್ಮ ಚಪ್ಪರದಲ್ಲಿ ಸಿಂಪಿ ಬಿಡಿಸುತ್ತಾಳೆ. ಕೈ ಚುರುಕು, ಮಾತು ಕಡಿಮೆ.

ನಾನು ಹೇಳಬೇಕೆಂದಿದ್ದದ್ದು ಎಂಟರ ಸಂಜೆಯ ಮಾತು. ಗೂಡು ಸುಟ್ಟ ಬೂದಿ ಇನ್ನೂ ಬಟ್ಟೆಯ ಮೇಲಿತ್ತು. ಅತ್ತೆ ಸೊಸೆ ಮುಂದೆ, ನಾನು ಹಿಂದೆ, ಮೂವರೂ ಮನೆಯ ಕಡೆ ನಡೆಯುತ್ತಿದ್ದೆವು.

"ಅನ್ನ ಆಗಿದೆ ಅಂದ್ಯಲ್ಲ," ಎಂದಳು ತೋ ಅಜ್ಜಿ. "ಮಾಡಿದ್ದೀಯಾ?"

"ಇಲ್ಲ ಅತ್ತೆ." ಗಿನ್‌ಹೋಂಗ್ ನಿಂತಳು. "ಯಾವತ್ತೂ ಆಗಿರ್ತಿರ್ಲಿಲ್ಲ. ಆ ಹೊತ್ತಿಗೆ ನಾನಿನ್ನೂ ಒಲೇನೇ ಹಚ್ಚಿರ್ತಿರ್ಲಿಲ್ಲ. ಸುಮ್ನೆ ಹೇಳ್ತಿದ್ದೆ."

"ಗೊತ್ತು. ಅವನಿಗೂ ಗೊತ್ತಿತ್ತು," ಎಂದಳು ಮುದುಕಿ. "ಅದಕ್ಕೇ ಯಾವಾಗ್ಲೂ ತಡವಾಗಿ ಬರ್ತಿದ್ದ."

ಗಿನ್‌ಹೋಂಗ್ ರಸ್ತೆಯ ಮಧ್ಯದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಅತ್ತಳು. ಮೂರು ವರ್ಷದ ಅಳು. ನಾವಿಬ್ಬರೂ ಪಕ್ಕದಲ್ಲಿ ನಿಂತೆವು. ಹಿಂದೆ ಬಂದ ಟ್ರ್ಯಾಕ್ಟರಿನವನು ಹಾರನ್ ಮಾಡದೆ ಎಂಜಿನ್ ಆರಿಸಿ ಕಾದ. ಅಳು ಮುಗಿದ ಮೇಲೆ ಮುದುಕಿ ಅವಳ ರಟ್ಟೆ ಹಿಡಿದು ಎಬ್ಬಿಸಿ, "ನಡಿ, ಅಕ್ಕಿ ತೊಳಿ," ಎಂದಳು.